ಮಗುವಿನ ಓದು ಯಾರಿಗಾಗಿ?

ಸಂಜೆ ದೀಪ ಹಚ್ಚಿದ ಮೇಲೆ ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುವ ಮೊದಲ ಮಾತು 'ಓದು' ಎಂಬುದು. ಆದರೆ ಆ ಮಗು ಪಾಠಪುಸ್ತಕವನ್ನು ಬದಿಗಿಟ್ಟು ಕತೆಯ ಪುಸ್ತಕವೊಂದನ್ನು ತೆರೆದರೆ, 'ಓದುವುದು ಬಿಟ್ಟು ಅದೇನು ಹಿಡಿದುಕೊಂಡಿದ್ದೀ?' ಎಂದು ಗದರುವವರೂ ನಾವೇ. ಮಗುವಿನ ಕಣ್ಣು ಅಕ್ಷರಗಳ ಮೇಲೆ ಓಡುತ್ತಿದೆ, ಮನಸ್ಸು ಅವುಗಳಲ್ಲಿ ಮುಳುಗಿದೆ. ಆದರೂ ನಮ್ಮ ಲೆಕ್ಕದಲ್ಲಿ ಅದು ಓದು ಅಲ್ಲ. ನೆರೆಯ ಮಲಯಾಳದಲ್ಲಿ ಈ ಎರಡಕ್ಕೂ ಬೇರೆ ಬೇರೆ ಮಾತುಗಳಿವೆ. ಶಾಲೆಯ ಕಲಿಕೆಗೆ 'ಪಠನ', ಪುಸ್ತಕದ ಓದಿಗೆ 'ವಾಯನ'. ಕನ್ನಡದ ದಿನಬಳಕೆಯಲ್ಲಿ 'ಓದು' ಎಂಬ ಒಂದೇ ಪದ ಎರಡೂ ಹೊರೆಯನ್ನು ಹೊರುತ್ತದೆ. 'ಓದಿದವನು' ಎಂದರೆ ಪುಸ್ತಕಗಳನ್ನು ಪ್ರೀತಿಸಿದವನೆಂದು ನಾವಾರೂ ಅರ್ಥ ಮಾಡುವುದಿಲ್ಲ. ಪರೀಕ್ಷೆಗಳನ್ನು ದಾಟಿ ಉದ್ಯೋಗ ಹಿಡಿದವನೆಂದೇ ತಿಳಿಯುತ್ತೇವೆ. ಪದ ಒಂದೇ ಆದುದರಿಂದ, ಒಂದು ಓದನ್ನು ಮಾಡಿಸಿದರೆ ಇನ್ನೊಂದು ತಾನಾಗಿಯೇ ಬರುತ್ತದೆ ಎಂಬ ಭ್ರಮೆಯೂ ನಮ್ಮಲ್ಲಿ ಬೆಳೆದಿದೆ. ಹನ್ನೆರಡು ವರುಷ ಶಾಲೆಯಲ್ಲಿ 'ಓದಿ', ಹೊರಬಂದ ಮರುದಿನದಿಂದ ಒಂದು ಪುಸ್ತಕವನ್ನೂ ಮುಟ್ಟದವರು ನಮ್ಮ ನಡುವೆ ಎಷ್ಟೋ ಮಂದಿ ಇದ್ದಾರೆ.

ಸಾಹಿತ್ಯ ಸಮ್ಮೇಳನಗಳಲ್ಲಿ ನಾವು ಕಲೆತಾಗಲೆಲ್ಲ ಒಂದು ಅಳಲು ಕೇಳಿಬರುತ್ತದೆ. ಮಕ್ಕಳು ಓದುವುದಿಲ್ಲ; ಕನ್ನಡವನ್ನಂತೂ ಓದುವುದೇ ಇಲ್ಲ. ಈ ಅಳಲಿನಲ್ಲಿ ಎರಡು ಚಿಂತೆಗಳು ಬೆರೆತಿವೆ. ಒಂದು ಮಗುವಿನ ಕುರಿತಾದುದು, ಇನ್ನೊಂದು ಭಾಷೆಯ ಕುರಿತಾದುದು. ಕಾಸರಗೋಡಿನಂಥ ಗಡಿನಾಡಿನಲ್ಲಿ ಇವೆರಡನ್ನು ಬೇರ್ಪಡಿಸುವುದು ಸುಲಭವಲ್ಲ. ಆದರೆ ಬೇರ್ಪಡಿಸಿ ನೋಡದೆ ಹೋದರೆ, ನಾವು ಉತ್ತರಿಸಲೇಬೇಕಾದ ನೈತಿಕ ಪ್ರಶ್ನೆಯೊಂದರಿಂದ ತಪ್ಪಿಸಿಕೊಂಡಂತಾಗುತ್ತದೆ. ಮಗುವಿಗೆ ಓದಿನ ರುಚಿ ಹತ್ತಬೇಕೆಂದು ನಾವು ಬಯಸುವುದು ಮಗುವಿನ ಒಳಿತಿಗಾಗಿಯೋ, ಕನ್ನಡದ ಉಳಿವಿಗಾಗಿಯೋ? ಎರಡೂ ಒಂದೇ ದಾರಿಯಲ್ಲಿ ಸಾಗುವವರೆಗೆ ಈ ಪ್ರಶ್ನೆ ಏಳುವುದಿಲ್ಲ. ದಾರಿ ಕವಲೊಡೆದಲ್ಲಿ, ಮಗು ಮಲಯಾಳದ ಅಥವಾ ಇಂಗ್ಲಿಷಿನ ಪುಸ್ತಕವೊಂದನ್ನು ಎದೆಗವಚಿಕೊಂಡು ಕುಳಿತಾಗ, ನಮ್ಮ ಮುಖದಲ್ಲಿ ಮೂಡುವ ಭಾವವೇ ನಮ್ಮ ನಿಜವಾದ ಉತ್ತರ.

ಆ ಉತ್ತರವನ್ನು ವಿಚಾರಿಸುವ ಮೊದಲು ಓದಿನ ಪ್ರೀತಿ ಹೇಗೆ ಹುಟ್ಟುತ್ತದೆ ಎಂಬುದನ್ನು ನೆನೆಯುವುದು ಒಳ್ಳೆಯದು. ಅದು ಅಕ್ಷರಾಭ್ಯಾಸಕ್ಕಿಂತ ಎಷ್ಟೋ ಮೊದಲೇ ಆರಂಭವಾಗಿರುತ್ತದೆ. ನಮ್ಮ ಪ್ರದೇಶದಲ್ಲಿ ಮಳೆಗಾಲದ ರಾತ್ರಿಗಳು ತಾಳಮದ್ದಳೆಯ ರಾತ್ರಿಗಳು. ಮನೆಯ ಚಾವಡಿಯಲ್ಲಿಯೋ ದೇವಸ್ಥಾನದ ಜಗಲಿಯಲ್ಲಿಯೋ ಅರ್ಥಧಾರಿಗಳು ಎದುರುಬದುರಾಗಿ ಕುಳಿತು ವಾದಿಸುತ್ತಿದ್ದಾಗ, ಅಮ್ಮನ ಮಡಿಲಲ್ಲಿ ಅರೆನಿದ್ದೆಯಲ್ಲಿದ್ದ ನಮ್ಮ ಕಿವಿಗೆ ಕರ್ಣನ ಮಾತೂ ವಾಲಿಯ ಮಾತೂ ಬೀಳುತ್ತಿತ್ತು. ಅರ್ಥವಾದುದು ಅಲ್ಪ; ಆದರೆ ಮಾತಿಗೆ ಅಷ್ಟು ತೂಕವಿರಬಹುದು, ಒಂದು ಮಾತಿಗೆ ಇನ್ನೊಂದು ಮಾತಿನಿಂದ ಉತ್ತರ ಕೊಡಬಹುದು ಎಂಬುದು ಆ ವಯಸ್ಸಿನಲ್ಲಿಯೇ ಮೈಗೆ ಹತ್ತಿತು. ಭಾಗವತರ ಎದುರು ತೆರೆದಿಟ್ಟ ಪ್ರಸಂಗದ ಪುಸ್ತಕವೂ ಕಣ್ಣಿಗೆ ಬಿದ್ದಿತ್ತು. ಬೆಳಗ್ಗೆ ಎದ್ದು, 'ಆಮೇಲೆ ಏನಾಯಿತು?' ಎಂದು ಅಜ್ಜಿಯನ್ನು ಕೇಳಿದರೆ ಆಕೆ ತನಗೆ ತಿಳಿದಷ್ಟು ಹೇಳಿ, ಉಳಿದುದಕ್ಕೆ 'ಅದೆಲ್ಲ ಪುಸ್ತಕದಲ್ಲಿ ಉಂಟು' ಎನ್ನುತ್ತಿದ್ದಳು. ಅಕ್ಷರ ಬಾರದ ಅಜ್ಜಿ ಹೇಳಿದ ಮಾತು ಅದು. ನಮ್ಮೊಳಗೆ ಓದು ಮೊಳೆತುದು ಅಲ್ಲಿಯೇ ಇರಬೇಕು. ಎಲ್ಲಿಯೋ ಒಂದು ಪುಸ್ತಕದಲ್ಲಿ ನಮ್ಮ ಪ್ರಶ್ನೆಗೆ ಉತ್ತರವುಂಟು, ಅಕ್ಷರ ಕಲಿತರೆ ಅದನ್ನು ನಾವೇ ಹೋಗಿ ನೋಡಬಹುದು ಎಂಬ ನಂಬಿಕೆ ಅದರಿಂದ ಬಂತು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ತಲೆಮಾರುಗಳ ಕಾಲ ಈ ನೆಲದ ಮಕ್ಕಳಿಗೆ ಮೊದಲು ಕಿವಿಯ ಪುಸ್ತಕವಾಗಿ, ಅನಂತರ ಕಣ್ಣಿನ ಪುಸ್ತಕವಾಗಿ ಒದಗಿದವು.

ಅಕ್ಷರ ಕೂಡಿಸಲು ಬಂದ ಮೇಲಿನ ಹಸಿವು ಇನ್ನೊಂದು ಬಗೆಯದು. ಆಗ ಸಿಕ್ಕಿದ್ದನ್ನೆಲ್ಲ ಓದಬೇಕು. ಅಂಗಡಿಯಿಂದ ಬೆಲ್ಲವೋ ಮೆಣಸೋ ಕಟ್ಟಿಕೊಂಡು ಬಂದ ಪೊಟ್ಟಣವನ್ನು ಬಿಚ್ಚಿ, ಕಾಗದವನ್ನು ತೊಡೆಯ ಮೇಲಿಟ್ಟು ನೇವರಿಸಿ, ಅದರಲ್ಲಿದ್ದ ಕತೆಯ ತುಂಡನ್ನು ಓದಿದ ನೆನಪು ನಮ್ಮ ತಲೆಮಾರಿನ ಅನೇಕರಿಗೆ ಇದೆ. ತುಂಡಿಗೆ ಮೊದಲಿಲ್ಲ, ಕೊನೆಯಿಲ್ಲ. ನಾಯಕಿ ಬಾವಿಯ ಬಳಿ ನಿಂತಲ್ಲಿಗೆ ಕಾಗದ ಹರಿದಿದೆ. ಮುಂದಿನದನ್ನು ನಾವೇ ಕಟ್ಟಿಕೊಳ್ಳಬೇಕು. 1949ರಿಂದ ಕನ್ನಡದಲ್ಲಿ ಬರತೊಡಗಿದ 'ಚಂದಮಾಮ' ಊರಿನ ಯಾವುದೋ ಒಂದು ಮನೆಗೆ ಬಂದರೆ ಹತ್ತು ಮನೆಯ ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದರು. ಕೈಯಿಂದ ಕೈಗೆ ಹೋಗಿ ಹೊದಿಕೆ ಕಳಚಿ, ಮೂಲೆ ಮಡಚಿ ನಮ್ಮ ಬಳಿ ಬಂದ ಸಂಚಿಕೆಯೇ ನಮಗೆ ಹೊಸತು.

ಇವುಗಳಲ್ಲೆಲ್ಲ ಒಂದು ಸಮಾನ ಅಂಶವನ್ನು ಗಮನಿಸಬೇಕು. ಯಾರೂ ನಮಗೆ ಓದೆಂದು ಆಜ್ಞಾಪಿಸಿರಲಿಲ್ಲ. ದೊಡ್ಡವರೊಬ್ಬರು ತಮ್ಮ ಪಾಡಿಗೆ ತಾವು ಪುಸ್ತಕದಲ್ಲಿ ಮುಳುಗಿದ್ದುದನ್ನು ನಾವು ಕಂಡಿದ್ದೆವು. ಕೈಗೆಟಕುವಲ್ಲಿ ಏನಾದರೊಂದು ಓದಲು ಇತ್ತು. ಓದಿದ ಮೇಲೆ ಪ್ರಶ್ನೆಗಳಿಗೆ ಉತ್ತರ ಬರೆಯಬೇಕಾಗಿರಲಿಲ್ಲ. ಪ್ರೀತಿಯನ್ನು ವಿಧಿಸಲು ಬರುವುದಿಲ್ಲ ಎಂಬ ಮಾತು ಮನುಷ್ಯರ ವಿಷಯದಲ್ಲಿ ನಿಜವಾದಂತೆಯೇ ಪುಸ್ತಕದ ವಿಷಯದಲ್ಲಿಯೂ ನಿಜ.

ಕರಾವಳಿಯ ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಪಂಜೆ ಮಂಗೇಶರಾಯರು ಶಾಲೆಗಳ ತನಿಖಾಧಿಕಾರಿಯಾಗಿ ದುಡಿದವರು. ಆ ಹುದ್ದೆಯ ಹೆಸರು ಕೇಳಿದರೇ ಅಧ್ಯಾಪಕರೂ ಮಕ್ಕಳೂ ನಡುಗುತ್ತಿದ್ದ ಕಾಲದಲ್ಲಿ ಅವರು ಮಕ್ಕಳಿಗಾಗಿ ಹಾಡುಗಳನ್ನೂ ಕತೆಗಳನ್ನೂ ಬರೆದರು. ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲದ ಮೂಲಕ ಮಕ್ಕಳ ಪುಸ್ತಕಗಳಿಗೆ ದಾರಿ ಮಾಡಿದರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷ ಪೀಠದಲ್ಲಿ ಕುಳ್ಳಿರಿಸಿದಾಗ, ಮಕ್ಕಳಿಗಾಗಿ ಬರೆಯುವುದು ಚಿಕ್ಕ ಕೆಲಸವಲ್ಲವೆಂದು ಕನ್ನಡ ನಾಡು ಒಪ್ಪಿದಂತಾಯಿತು. ಪುತ್ತೂರಿನಲ್ಲಿ ನೆಲೆಸಿದ ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಆಕಾಶ, ಭೂಮಿ, ಪ್ರಾಣಿಗಳು, ಯಂತ್ರಗಳು ಎಲ್ಲವನ್ನೂ ಕನ್ನಡದ ಮಗು ಕನ್ನಡದಲ್ಲಿಯೇ ಅರಿಯಬಹುದೆಂಬ ಸಾಹಸ ಅದು. ನಮ್ಮವರೇ ಆದ ಕಯ್ಯಾರ ಕಿಞ್ಞಣ್ಣ ರೈಗಳು ಹನ್ನೆರಡರ ಹರೆಯದಲ್ಲಿ 'ಸುಶೀಲ' ಎಂಬ ಕೈಬರಹದ ಪತ್ರಿಕೆ ಹೊರಡಿಸಿದರು. ಮುದ್ರಣಕ್ಕೆ ಹಣವಿಲ್ಲ, ಚಂದಾದಾರರಿಲ್ಲ. ಬರೆದುದನ್ನು ಇನ್ನೊಬ್ಬರು ಓದಬೇಕೆಂಬ ಆಸೆ ಮಾತ್ರ ಇತ್ತು. ಮುಂದೆ ಅಧ್ಯಾಪಕರಾಗಿ ಪೆರಡಾಲದಲ್ಲಿ ಅವರು ಕಲಿಸಿದ ಮಕ್ಕಳಿಗೆ, ತಾನೇ ಓದಿಗೆ ಸೋತ ಒಬ್ಬ ಹುಡುಗ ದೊಡ್ಡವನಾಗಿ ಎದುರು ನಿಂತುದು ಭಾಗ್ಯವೇ ಸರಿ.

ಇಲ್ಲಿ ಕಾಸರಗೋಡಿಗೆ ವಿಶೇಷವಾದ ಒಂದು ಸಂಗತಿಯಿದೆ. ಈ ಮಣ್ಣನ್ನು ನಾವು ಸಪ್ತಭಾಷಾ ಸಂಗಮಭೂಮಿ ಎಂದು ಅಭಿಮಾನದಿಂದ ಕರೆಯುತ್ತೇವೆ. ಆದರೆ ಆ ಮಾತಿನ ಪೂರ್ಣಾರ್ಥವನ್ನು ನಾವು ಯೋಚಿಸುವುದು ಕಡಿಮೆ. ಈ ಸಂಘದ ಸದಸ್ಯರ ಮನೆಗಳಲ್ಲಿಯೇ ಒಳಗಿನ ಮಾತು ತುಳು, ಕೊಂಕಣಿ, ಮರಾಠಿ, ಮಲಯಾಳ, ಬ್ಯಾರಿ, ಹವ್ಯಕರ ನುಡಿ ಹೀಗೆ ಹಲವು ಬಗೆ. ಅಚ್ಚಿನ ಕನ್ನಡ ಇವರಲ್ಲಿ ಹೆಚ್ಚಿನವರಿಗೆ ತೊಟ್ಟಿಲಿನಲ್ಲಿ ಸಿಕ್ಕಿದ ಭಾಷೆಯಲ್ಲ; ಶಾಲೆಯಿಂದ, ಆಟ-ಕೂಟದಿಂದ, ಪುಸ್ತಕದಿಂದ ಬಂದ ಭಾಷೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತು ಕೊಂಕಣಿ. ಕಿಞ್ಞಣ್ಣ ರೈಗಳದು ತುಳು. 'ಚಂದ್ರಗಿರಿಯ ತೀರದಲ್ಲಿ' ಬರೆದ ಸಾರಾ ಅಬೂಬಕ್ಕರ್ ಅವರದು ಮಲಯಾಳ. ಕನ್ನಡಕ್ಕೆ ಈ ಮೂವರನ್ನು ತಂದುಕೊಟ್ಟುದು ಹುಟ್ಟಲ್ಲ, ಓದು. ಆದುದರಿಂದ ನಮ್ಮ ನೆಲದಲ್ಲಿ ಕನ್ನಡದ ಬಾಳು ಬೇರೆ ಕಡೆಗಿಂತ ಹೆಚ್ಚಾಗಿ ಮಗುವಿನ ಓದನ್ನು ಆಧರಿಸಿ ನಿಂತಿದೆ. ಬೆಂಗಳೂರಿನ ಅಥವಾ ಧಾರವಾಡದ ಮಗು ಓದದೆ ಹೋದರೂ ಕನ್ನಡ ಮಾತನಾಡೀತು. ಇಲ್ಲಿನ ಎಷ್ಟೋ ಮನೆಗಳಲ್ಲಿ ಓದು ನಿಂತ ದಿನ ಕನ್ನಡವೂ ಮನೆಬಿಟ್ಟು ಹೋಗುತ್ತದೆ.

ಗೋವಿಂದ ಪೈಗಳ ಬದುಕು ನಾವು ಆರಂಭದಲ್ಲಿ ಎತ್ತಿದ ಎರಡು ಓದುಗಳ ವ್ಯತ್ಯಾಸಕ್ಕೂ ಸಾಕ್ಷಿ. ಮಂಗಳೂರಿನಲ್ಲಿ ಪಂಜೆಯವರ ಶಿಷ್ಯರಾಗಿದ್ದ ಅವರು ಮದರಾಸಿನಲ್ಲಿ ಪದವಿ ಪೂರೈಸದೆಯೇ ಊರಿಗೆ ಮರಳಬೇಕಾಯಿತು. ಪ್ರಮಾಣಪತ್ರದ ಓದು ಅಲ್ಲಿಗೆ ನಿಂತಿತು; ಇನ್ನೊಂದು ಓದು 1963ರಲ್ಲಿ ಅವರು ತೀರಿಕೊಳ್ಳುವವರೆಗೆ ನಡೆಯಿತು. ಮಂಜೇಶ್ವರದಲ್ಲಿ ಕುಳಿತು ಅವರು ಹಲವು ದೇಶಗಳ ಭಾಷೆಗಳನ್ನು ಕಲಿತರು, ಶಾಸನಗಳನ್ನೂ ಪ್ರಾಚೀನ ಕಾವ್ಯಗಳನ್ನೂ ಶೋಧಿಸಿದರು, ಕ್ರಿಸ್ತನನ್ನು ಕುರಿತೂ ಬುದ್ಧನನ್ನು ಕುರಿತೂ ಕಾವ್ಯ ಬರೆದರು. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಎಂದು ಗೌರವಿಸಿದುದು ಪದವಿಯಿಲ್ಲದ ಈ ಓದುಗನನ್ನೇ.

ಸಾರಾ ಅಬೂಬಕ್ಕರ್ ಅವರ ಕತೆ ಇನ್ನೂ ಹೆಚ್ಚಾಗಿ ನಮ್ಮ ಆತ್ಮಸಾಕ್ಷಿಯನ್ನು ತಟ್ಟಬೇಕು. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿದ ಅವರು ತಮ್ಮ ಸಮುದಾಯದಲ್ಲಿ ಶಾಲೆ ಕಂಡ ಮೊದಲ ಕೆಲವು ಹುಡುಗಿಯರಲ್ಲೊಬ್ಬರು. ಕಲಿತುದು ಕನ್ನಡ ಶಾಲೆಯಲ್ಲಿ. 1953ರಲ್ಲಿ ಶಾಲೆಯ ಓದು ಮುಗಿಯಿತು. ಮುಂದೆ ಕಲಿಯುವ ಆಸೆಗೆ ಸಮುದಾಯದ ಕಟ್ಟುಪಾಡು ಅಡ್ಡ ಬಂತು. ಗ್ರಂಥಾಲಯವೊಂದರ ಸದಸ್ಯತ್ವ ಅವರಿಗೆ ದೊರೆತುದು 1963ರಲ್ಲಿ. ನಡುವಿನ ಹತ್ತು ವರುಷಗಳನ್ನು ನಾವು ಒಂದು ಗಳಿಗೆ ನಿಂತು ಊಹಿಸಬೇಕು. ಓದಿನ ರುಚಿ ಹತ್ತಿದೆ. ಪುಸ್ತಕಗಳು ಪಟ್ಟಣದಲ್ಲಿಯೇ ಇವೆ. ಆದರೆ ಆಕೆಯ ಕೈಗೆ ಅವು ಬರುವುದಿಲ್ಲ. ರುಚಿ ಹತ್ತದಿದ್ದರೆ ಈ ಹಸಿವಿನ ನೋವೂ ಇರುತ್ತಿರಲಿಲ್ಲ. ಹಾಗಾದರೆ ಬಾಲ್ಯದಲ್ಲಿ ರುಚಿ ಹತ್ತಿಸಿದವರು ಆಕೆಗೆ ಉಪಕಾರ ಮಾಡಿದರೋ ಅಪಕಾರವೋ? 1981ರಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಅವರ ಕಾದಂಬರಿ ಧಾರಾವಾಹಿಯಾಗಿ ಬಂದಾಗ ಅದಕ್ಕೆ ಉತ್ತರ ದೊರೆಯಿತು. ತಂದೆಯ ಹಟಕ್ಕೂ ಧರ್ಮದ ಹೆಸರಿನ ಕಟ್ಟಳೆಗೂ ಸಿಕ್ಕಿ ನಲುಗುವ ನಾದಿರಾಳ ಬಾಳನ್ನು ಕನ್ನಡದ ಓದುಗರು ಮೊದಲ ಬಾರಿಗೆ ಒಳಗಿನವರ ಬಾಯಿಂದ ಕೇಳಿದರು. ಹತ್ತು ವರುಷ ಹಸಿದಿದ್ದ ಓದು ಕೊನೆಗೆ ಮಾತನಾಡಿತು.

ಆ ಹಸಿವಿನ ಒಂದು ಸಣ್ಣ ರೂಪವನ್ನು ನಾವೂ ಬಲ್ಲೆವು. ನಾವು ಕಲಿತ ಶಾಲೆಯಲ್ಲಿ ಪುಸ್ತಕದ ಕಪಾಟೊಂದಿತ್ತು, ಅದಕ್ಕೆ ಗಾಜಿನ ಬಾಗಿಲಿತ್ತು, ಬಾಗಿಲಿಗೆ ಬೀಗವಿತ್ತು. ಗಾಜಿನಾಚೆ ಪುಸ್ತಕಗಳ ಬೆನ್ನಿನ ಮೇಲಿನ ಹೆಸರುಗಳನ್ನು ತಲೆ ಓರೆ ಮಾಡಿ ಓದಿ ಓದಿ ನಮಗೆ ಬಾಯಿಪಾಠವಾಗಿತ್ತು. ಕೀಲಿಕೈ ಇದ್ದ ಅಧ್ಯಾಪಕರು ಕೆಟ್ಟವರೇನೂ ಅಲ್ಲ. ದಾಸ್ತಾನು ಪುಸ್ತಕದ ಲೆಕ್ಕ ತಾಳೆಯಾಗದಿದ್ದರೆ ಕಳೆದುಹೋದುದರ ಬೆಲೆಯನ್ನು ತಾವೇ ತೆರಬೇಕಾದೀತೆಂಬ ಭಯ ಅವರದು. ವರುಷದ ಕೊನೆಗೆ ಲೆಕ್ಕ ಸರಿಯಾಗಿತ್ತು. ಒಂದು ಪುಸ್ತಕವೂ ಕಳೆದಿರಲಿಲ್ಲ, ಒಂದನ್ನೂ ಯಾರೂ ಓದಿರಲಿಲ್ಲ. ಮಕ್ಕಳನ್ನು ನಂಬದ ವ್ಯವಸ್ಥೆಯೊಂದು ಅಧ್ಯಾಪಕರನ್ನೂ ನಂಬಿರಲಿಲ್ಲ ಎಂಬುದು ನಮಗೆ ತಿಳಿದುದು ದೊಡ್ಡವರಾದ ಮೇಲೆ. 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಗಣಿತ ಕಲಿಸಿ, ಮುಂದೆ ಭಾರತದ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಎಂಬುದು. ಇಷ್ಟು ಸರಳವಾದುದನ್ನು ಸೂತ್ರವಾಗಿ ಹೇಳಬೇಕಾಯಿತಲ್ಲ ಎಂದು ಅಚ್ಚರಿಪಡುವವರು ಆ ಕಪಾಟನ್ನು ನೆನೆದರೆ ಸಾಕು.

ಇನ್ನು ಒಂದು ಆಕ್ಷೇಪವನ್ನು ಎದುರಿಸಬೇಕು. ಓದು ನಿಜವಾಗಿ ಅಷ್ಟು ಮುಖ್ಯವೇ? ಕನ್ನಡದ ಜನ ಪುಸ್ತಕ ಓದದೆಯೇ ಕಾವ್ಯದಲ್ಲಿ ನುರಿತವರೆಂದು ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ'ವೇ ಹೊಗಳಿದೆ. ಪಾಡ್ದನಗಳನ್ನು ಹಾಡುತ್ತ ಗದ್ದೆಯಲ್ಲಿ ನೇಜಿ ನೆಟ್ಟ ಹೆಂಗಸರಿಗೆ ಅಕ್ಷರ ಬರುತ್ತಿರಲಿಲ್ಲ. ಅವರ ನೆನಪಿನಲ್ಲಿದ್ದ ಕಾವ್ಯ ನಮ್ಮ ಕಪಾಟಿನಲ್ಲಿಲ್ಲ. ಇತ್ತ, ಓದಿದವರೆಲ್ಲ ಒಳ್ಳೆಯವರಾದರೆಂದು ಹೇಳುವ ಧೈರ್ಯವೂ ನಮಗಿಲ್ಲ. ಗ್ರಂಥಗಳನ್ನು ಕಂಠಸ್ಥ ಮಾಡಿಕೊಂಡವರೇ ಅವುಗಳಿಂದ ಆಧಾರ ತೆಗೆದು ಮನುಷ್ಯರನ್ನು ಅಂಗಳದ ಹೊರಗೆ ನಿಲ್ಲಿಸಿದರು. ಓದು ಗುಣವನ್ನು ಕೊಡುತ್ತದೆ ಎಂಬುದು ಸಭೆಗಳಲ್ಲಿ ಹೇಳಲು ಚೆನ್ನಾದ ಮಾತು. ಅನುಭವ ಅದನ್ನು ಪೂರ್ತಿ ಒಪ್ಪುವುದಿಲ್ಲ.

ಆದರೆ ಇದೇ ಅನುಭವ ಇನ್ನೊಂದನ್ನೂ ಹೇಳುತ್ತದೆ. ಓದಿನಿಂದ ಏನೂ ಆಗದಿದ್ದರೆ, ಅಧಿಕಾರ ಉಳ್ಳವರು ಅದನ್ನು ಅಷ್ಟು ಎಚ್ಚರದಿಂದ ಕಾಯುತ್ತಿದ್ದುದೇಕೆ? 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರು ಸ್ವಂತ ಸಮುದಾಯದ ಬಹಿಷ್ಕಾರವನ್ನೇ ಎದುರಿಸಬೇಕಾಯಿತು. ಹೆಣ್ಣುಮಕ್ಕಳ ಕೈಯಿಂದ ಪುಸ್ತಕ ಕಿತ್ತುಕೊಂಡ ಮನೆಗಳು ಎಲ್ಲ ಮತಗಳಲ್ಲಿಯೂ ಇದ್ದುವು. ನಿರುಪಯುಕ್ತವಾದುದಕ್ಕೆ ಯಾರೂ ಬೇಲಿ ಹಾಕುವುದಿಲ್ಲ. ಕೇಳುವಿಕೆಗೆ ಯಾವಾಗಲೂ ಒಬ್ಬ ಹೇಳುವವ ಬೇಕು. ಹೇಳುವವನಿಗೆ ಕೇಳುವವರು ಯಾರೆಂಬ ಆಯ್ಕೆಯಿದೆ. ಯಾರನ್ನು ಚಾವಡಿಗೆ ಕರೆಯಬೇಕು, ಯಾರನ್ನು ಅಂಗಳದಲ್ಲಿ ನಿಲ್ಲಿಸಬೇಕು ಎಂದು ಅವನು ತೀರ್ಮಾನಿಸಬಲ್ಲ. ತೆರೆದ ಪುಸ್ತಕ ಓದುವವನ ಜಾತಿ ಕೇಳುವುದಿಲ್ಲ. ತಾಳಮದ್ದಳೆಯಲ್ಲಿ ವಾಲಿಯ ಪರವಾಗಿ ವಾದಿಸಲು ಅರ್ಥಧಾರಿಗೆ ಅವಕಾಶವಿದೆ, ಮಡಿಲಲ್ಲಿರುವ ಮಗುವಿಗಿಲ್ಲ. ಅದೇ ಮಗು ಪುಸ್ತಕದೆದುರು ಕುಳಿತಾಗ ಪುಟವನ್ನು ಹಿಂದಕ್ಕೆ ತಿರುಗಿಸಬಹುದು, ಒಂದು ಮಾತಿನಲ್ಲಿ ನಿಂತು ಯೋಚಿಸಬಹುದು, ರಾಮ ಮಾಡಿದ್ದು ಸರಿಯಲ್ಲವೆಂದು ಮನಸ್ಸಿನಲ್ಲಿಯೇ ಹೇಳಿಕೊಳ್ಳಬಹುದು. ಹಿರಿಯರಿಗೆ ಅವಿಧೇಯವಾಗದೆಯೇ ಅವರಿಂದ ಭಿನ್ನವಾಗಿ ಯೋಚಿಸಬಹುದು. ಓದು ಒಳ್ಳೆಯತನವನ್ನು ಖಂಡಿತವಾಗಿ ಕೊಡದಿರಬಹುದು. ತನ್ನದೇ ಆದ ಒಳಮನೆಯೊಂದನ್ನು ಮಗುವಿಗೆ ಕೊಡುತ್ತದೆ. ಅಲ್ಲಿ ಅದು ಯಾರ ಅಪ್ಪಣೆಯೂ ಇಲ್ಲದೆ ದೂರದ ಮನುಷ್ಯರನ್ನು ಬರಮಾಡಿಕೊಳ್ಳುತ್ತದೆ. ಮೊಬೈಲಿನ ಪರದೆಯೂ ದೂರದವರನ್ನು ತರುತ್ತದೆ ನಿಜ. ಆದರೆ ಅಲ್ಲಿ ಯಾವುದರ ಮುಂದೆ ಎಷ್ಟು ಹೊತ್ತು ನಿಲ್ಲಬೇಕೆಂಬ ತೀರ್ಮಾನ ಬಹುಮಟ್ಟಿಗೆ ಮಗುವಿನದಾಗಿ ಉಳಿಯುವುದಿಲ್ಲ.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಓದು ಮಗುವಿನ ಸ್ವಾತಂತ್ರ್ಯದ ವಿಷಯವಾದರೆ, ಅದನ್ನು ಕನ್ನಡವನ್ನು ಉಳಿಸುವ ಉಪಕರಣವಾಗಿ ಬಳಸಲು ನಮಗೆ ಅಧಿಕಾರವಿದೆಯೇ? 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಗಾಯ ನಮ್ಮ ಹಿರಿಯರದು. ಚಂದ್ರಗಿರಿ ನದಿಯ ಉತ್ತರದ ಭಾಗ ಕನ್ನಡನಾಡಿಗೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ನೀಡಿದ ವರದಿ ಕಾಗದದಲ್ಲಿಯೇ ಉಳಿದ ವ್ಯಥೆಯೂ ಅವರದು. ಕನ್ನಡ ಬಲ್ಲ ಅಧ್ಯಾಪಕರಿಗಾಗಿ, ಕನ್ನಡದ ಅರ್ಜಿ ನಮೂನೆಗಳಿಗಾಗಿ ನಾವು ಇಂದಿಗೂ ಸರಕಾರದ ಬಾಗಿಲು ತಟ್ಟುವುದು ನ್ಯಾಯವೇ. ಆದರೆ ಇವು ದೊಡ್ಡವರು ನಡೆಸಬೇಕಾದ ವ್ಯಾಜ್ಯಗಳು. ಏಳು ವರುಷದ ಮಗು ಪುಸ್ತಕ ಹಿಡಿದಾಗ ಅದರ ಹೆಗಲ ಮೇಲೆ ಈ ವ್ಯಾಜ್ಯದ ಕಡತವನ್ನೂ ಹೊರಿಸುವುದು ಸರಿಯಲ್ಲ. ನಮ್ಮ ಪರಂಪರೆ ಋಷಿಋಣದ ಮಾತನ್ನಾಡುತ್ತದೆ. ಹಿಂದಿನವರ ಅರಿವಿಗೆ ನಾವು ಸಾಲಗಾರರು, ಅಧ್ಯಯನದಿಂದ ಅದನ್ನು ತೀರಿಸಬೇಕು ಎನ್ನುತ್ತದೆ. ಆ ಋಣ ನಮ್ಮದು. ಮುಂದಿನವರಿಗೆ ದಾಟಿಸುವುದರಿಂದ ಅದು ತೀರಬೇಕೇ ಹೊರತು, ಮಗುವಿನ ಹೆಸರಿಗೆ ಸಾಲಪತ್ರ ಬರೆದುಕೊಡುವುದರಿಂದಲ್ಲ.

ಹಾಗಾದರೆ ಮಲಯಾಳದ ಕತೆಯಲ್ಲಿ ಮುಳುಗಿದ ಮಗು ನಮಗೆ ನಷ್ಟವೇ? ಸಾರಾ ಅಬೂಬಕ್ಕರ್ ಅವರ ಬಾಲ್ಯವನ್ನು ಇನ್ನೊಮ್ಮೆ ನೆನೆಯೋಣ. ಮಲಯಾಳ ಮಾತನಾಡುವ ಆ ಮನೆ, 'ನಮ್ಮ ಹುಡುಗಿ ಕನ್ನಡ ಓದಿ ನಮಗೆ ಪರಕೀಯಳಾದಳು' ಎಂದು ಪುಸ್ತಕ ಕಿತ್ತುಕೊಂಡಿದ್ದರೆ ಇಂದು ಕನ್ನಡಕ್ಕೆ ಅವರ ಕಾದಂಬರಿಗಳು ಸಿಗುತ್ತಿರಲಿಲ್ಲ. ಮಲಯಾಳಕ್ಕೂ ಅದರಿಂದ ಹಾನಿಯಾಗಲಿಲ್ಲ. ಕಮಲಾ ದಾಸ್ ಮೊದಲಾದವರ ಬರಹಗಳನ್ನು ಅವರೇ ಕನ್ನಡಕ್ಕೆ ತಂದರು. ಇನ್ನೊಂದು ಮನೆಯ ಔದಾರ್ಯದಿಂದ ಲಾಭ ಪಡೆದ ನಾವು ನಮ್ಮ ಮನೆಯಲ್ಲಿ ಅದೇ ಔದಾರ್ಯವನ್ನು ನಿರಾಕರಿಸುವುದು ಧರ್ಮವಲ್ಲ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿಯೂ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿಯೂ ಹೊರಬಂದುದು ಒಂದೇ ಮಂಗಳೂರಿನಿಂದ, ಒಂದೇ ಬಾಸೆಲ್ ಮಿಶನ್ನಿನ ಆಶ್ರಯದಲ್ಲಿ. ಎರಡು ಭಾಷೆಗಳು ಒಂದೇ ಛಾವಣಿಯ ಕೆಳಗೆ ಬೆಳೆದ ಪ್ರದೇಶ ಇದು.

ಹೀಗೆಂದು ಕನ್ನಡ ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬ ತೀರ್ಮಾನಕ್ಕೆ ನಾವು ಬರಲಾರೆವು. ಎರಡು ಭಾಷೆಗಳ ನಡುವೆ ಆಯ್ಕೆ ನಿಜವಾಗಿ ಮುಕ್ತವಾಗಿರಬೇಕಾದರೆ ಎರಡೂ ಮಗುವಿನ ಕೈಗೆಟಕುವಂತಿರಬೇಕು. ಮಲಯಾಳಕ್ಕೆ ಬಸ್ಸಿನ ಫಲಕವಿದೆ, ಕಚೇರಿಯಿದೆ, ಸಿನಿಮಾ ಇದೆ. 2017ರ ಕಾಯಿದೆಯ ಬೆಂಬಲದಿಂದ ಶಾಲೆಯಲ್ಲಿ ಕಡ್ಡಾಯ ಸ್ಥಾನವೂ ಇದೆ. ಇಂಗ್ಲಿಷಿಗೆ ಉದ್ಯೋಗದ ಆಕರ್ಷಣೆಯಿದೆ. ಕನ್ನಡಕ್ಕೆ ಇರುವುದು ಮನೆಯ ಕಪಾಟು ಮತ್ತು ನಮ್ಮ ಧ್ವನಿ. ಬೀದಿ ಕೊಡದುದನ್ನು ಮನೆ ಕೊಡಬೇಕು. ಇಲ್ಲವಾದರೆ ಮಗು ಕನ್ನಡವನ್ನು ಬಿಟ್ಟಿತು ಎಂದು ನಾವು ಹೇಳುವಂತಿಲ್ಲ, ಅದಕ್ಕೆ ಕನ್ನಡ ಸಿಕ್ಕಿಯೇ ಇರಲಿಲ್ಲ. ಕನ್ನಡ ಓದಲಾರದ ಮಗುವಿಗೆ ಕಬ್ಬಿಣದ ಪೆಟ್ಟಿಗೆಯಲ್ಲಿರುವ ಅಜ್ಜನ ಕಾಗದಗಳು ಮೂಕವಾಗುತ್ತವೆ. ತಲೆಮಾರುಗಳಿಂದ ಬಂದ ಪ್ರಸಂಗದ ಪುಸ್ತಕಗಳು ಗೆದ್ದಲಿನ ಪಾಲಾಗುತ್ತವೆ. ತನ್ನ ಮನೆಯಲ್ಲಿಯೇ ತಾನು ಅರ್ಧ ಅತಿಥಿಯಾಗುವ ಈ ಸ್ಥಿತಿಯಿಂದ ಮಗುವನ್ನು ಕಾಪಾಡುವುದು ಮಗುವಿನ ಒಳಿತಿಗಾಗಿಯೇ. ಕನ್ನಡ ಅದರಿಂದ ಉಳಿದರೆ ಅದು ಪ್ರೀತಿಯ ಫಲವಾಗಿ ಉಳಿದಂತೆ.

ಇಲ್ಲಿ ನಾವು ನಮ್ಮನ್ನೇ ಪ್ರಶ್ನಿಸಿಕೊಳ್ಳಬೇಕಾಗಿದೆ. ವೇದಿಕೆಯ ಮೇಲೆ ಕನ್ನಡದ ಅಳಿವು ಉಳಿವಿನ ಕುರಿತು ಗಂಟೆಗಟ್ಟಲೆ ಮಾತನಾಡುವ ನಮ್ಮಲ್ಲಿ ಎಷ್ಟು ಮಂದಿಯನ್ನು ನಮ್ಮ ಮಕ್ಕಳು ಪುಸ್ತಕ ಹಿಡಿದು ಕುಳಿತಿರುವುದಾಗಿ ಕಂಡಿದ್ದಾರೆ? ಸಮ್ಮೇಳನದಲ್ಲಿ ಶಾಲು, ಹಾರ, ಫಲಕಗಳಿಗೆ ನಾವು ವ್ಯಯಿಸುವ ಹಣದಲ್ಲಿ ಎಷ್ಟು ಮಕ್ಕಳ ಪುಸ್ತಕಗಳು ಬಂದಾವು? ನಾವು ವಾಸಿಸುವುದು ಗ್ರಂಥಾಲಯ ಚಳವಳಿಗೆ ಹೆಸರಾದ ರಾಜ್ಯದಲ್ಲಿ. 1945ರಲ್ಲಿ ಪಿ. ಎನ್. ಪಣಿಕ್ಕರ್ ಎಂಬ ಅಧ್ಯಾಪಕರು 47 ಗ್ರಂಥಾಲಯಗಳನ್ನು ಕೂಡಿಸಿ ತಿರುವಿದಾಂಕೂರಿನಲ್ಲಿ ಆರಂಭಿಸಿದ ಸಂಘಟನೆ ಕೇರಳದ ಹಳ್ಳಿಹಳ್ಳಿಗೂ ಹಬ್ಬಿತು; ಅವರು ತೀರಿಕೊಂಡ ಜೂನ್ 19ನ್ನು ನಮ್ಮ ಶಾಲೆಗಳೂ ವಾಚನಾ ದಿನವಾಗಿ ಆಚರಿಸುತ್ತವೆ. ಆ ದಿನದ ಪ್ರತಿಜ್ಞೆ, ಭಾಷಣ, ರಸಪ್ರಶ್ನೆಗಳ ಬಳಿಕ ಹತ್ತಿರದ ಗ್ರಂಥಾಲಯಕ್ಕೆ ಹೋಗಿ ಅಲ್ಲಿ ಕನ್ನಡ ಪುಸ್ತಕಗಳ ಸಾಲು ಎಲ್ಲಿದೆ, ಎಷ್ಟು ಎತ್ತರದಲ್ಲಿದೆ, ಮಗುವಿನ ಕೈಗೆ ಸಿಗುತ್ತದೆಯೇ ಎಂದು ನೋಡುವವರು ಬೇಕು. ಕೇಳಿ ಪಡೆಯುವ ಹಕ್ಕು ನಮಗಿದೆ. ತುಂಬಿಸಿಕೊಡುವ ಶಕ್ತಿಯೂ ಅಷ್ಟಿಷ್ಟು ಇದೆ. ಪುಸ್ತಕ ಕೊಟ್ಟ ಮೇಲೆ ಅದು ಹರಿದು ಬಂದರೆ ಮುನಿಯದಿರುವ ಮನಸ್ಸೂ ಬೇಕು. ಮೂಲೆ ಮಡಚಿದ ಪುಸ್ತಕವನ್ನು ಯಾರೋ ಒಬ್ಬರು ಓದಿದ್ದಾರೆ.

ಉಳಿದುದು ಮನೆಯ ಕೆಲಸ, ಬಹಳ ಸಣ್ಣದು. ರಾತ್ರಿ ಊಟವಾದ ಮೇಲೆ ಕಾಲು ಗಂಟೆ ಗಟ್ಟಿಯಾಗಿ ಓದಿ ಹೇಳುವುದು. ಮನೆಮಾತು ತುಳುವಾಗಲಿ ಕೊಂಕಣಿಯಾಗಲಿ ಮಲಯಾಳವಾಗಲಿ, ಅರ್ಥವನ್ನು ಆ ಮಾತಿನಲ್ಲಿಯೇ ಬಿಡಿಸಿ ಹೇಳಬಹುದು. ತಾಳಮದ್ದಳೆಯೂ ಪದ್ಯಕ್ಕೆ ಅರ್ಥ ಹೇಳುವ ಕಲೆಯೇ ತಾನೇ. ಓದಿದ ಮೇಲೆ ಪ್ರಶ್ನೆ ಕೇಳದಿರುವುದು. ಮಗು ಕೇಳಿದರೆ ಮಾತ್ರ ಉತ್ತರಿಸುವುದು. ನಮಗೆ ಗೊತ್ತಿಲ್ಲದುದನ್ನು ಅದು ಕೇಳಿಯೇ ಕೇಳುತ್ತದೆ. ಆಗ ನಮ್ಮ ಅಜ್ಜಿ ಹೇಳಿದ ಮಾತನ್ನೇ ನಾವೂ ಹೇಳಬಹುದು, 'ಅದು ಪುಸ್ತಕದಲ್ಲಿ ಉಂಟು' ಎಂದು. ಅಜ್ಜಿಯ ಮನೆಯಲ್ಲಿ ಆ ಪುಸ್ತಕ ಇರಲಿಲ್ಲ. ಇದ್ದರೂ ಆಕೆಗೆ ಓದಲು ಬರುತ್ತಿರಲಿಲ್ಲ. ನಮಗೆ ಆ ಎರಡು ನೆಪಗಳೂ ಇಲ್ಲ.